ಆಯಿಯ ಅರ್ಧ ಕೌದಿ, ನನ್ನ ಗಿಣಿಹಸಿರು ದಾರ

ಪುಣೆಯಿಂದ ಬಂದ ಹುಡುಗಿ ಚೀಲದ ಜಿಪ್ ಎಳೆಯುವ ಮೊದಲೇ ಹೇಳಿದಳು: "ಅಕ್ಕಾ, ಇದನ್ನ ಚಂದ ಮಾಡಬ್ಯಾಡ್ರಿ. ಮುಗಿಸಿ ಕೊಟ್ರ ಸಾಕು."

ಇಪ್ಪತ್ತೆರಡು ವರ್ಷದಿಂದ ಮಷಿನ್ ತುಳಿಯುತ್ತಿದ್ದೇನೆ. ಚಂದ ಮಾಡಬೇಡಿ ಅಂತ ಹೇಳಿದ ಗಿರಾಕಿ ಇವಳೇ ಮೊದಲು.

ನನ್ನ ಅಂಗಡಿ ಇರೋದು ದುಧನಿಯಲ್ಲಿ. ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು. ಬೋರ್ಡು ಮರಾಠಿ, ಒಳಗಿನ ಮಾತು ಕನ್ನಡ. ದಿನದ ಕೆಲಸ ಬ್ಲೌಸು, ಫಾಲು, ಪಿಕೋ. ಕೌದಿ, ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿಯುವ ಹೊದಿಕೆ, ಬರೋದು ವರ್ಷಕ್ಕೆ ಏಳೆಂಟು ಅಷ್ಟೆ. ಅದನ್ನು ಕಲಿಸಿದ್ದು ನಮ್ಮತ್ತೆ. ಮರಾಠಿಯವರು ಗೋಧಡಿ ಅನ್ನುತ್ತಾರೆ, ಕೆಲವರು ವಾಕಳ ಅನ್ನುತ್ತಾರೆ. ಸೊಲ್ಲಾಪುರದ ಚಾದರ ದೇಶಕ್ಕೆಲ್ಲ ಗೊತ್ತು, ಅಂಗಡಿಗೆ ಹೋದರೆ ಬೇಕಾದ ಬಣ್ಣ ಸಿಗುತ್ತದೆ. ಕೌದಿ ಹಾಗಲ್ಲ. ಮನೆಯ ಹಳೇ ಬಟ್ಟೆ ಇದ್ದರೆ ಮನೆಯ ಕೌದಿ.

ಇದು ಅವಳ ಆಯಿಯ ಕೌದಿ. ಇಲ್ಲಿ ಆಯಿ ಅಂದರೆ ಅಜ್ಜಿ. ನನ್ನ ಹತ್ತಿರ ಕಲಿಯಲು ಬರುವ ಮರಾಠಿ ಹುಡುಗಿ ಚೀಟಿಯಲ್ಲಿ 'ಗಿರಾಕಿಯ ತಾಯಿಯ ಗೋಧಡಿ' ಅಂತ ಬರೆದು ಪಿನ್ ಚುಚ್ಚಿಟ್ಟಿದ್ದಳು. ಅವರಲ್ಲಿ ಆಯಿ ಅಂದರೆ ತಾಯಿ. ಚೀಟಿ ತಿದ್ದಿಸಿದೆ. ಆಮೇಲೆ ನೋಡಿದರೆ ಆ ಚೀಟಿಯೂ ಪೂರ್ತಿ ಸುಳ್ಳಾಗಿರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನೆಲಕ್ಕೆ ಚಾಪೆ ಹಾಸಿ ಕೌದಿ ಬಿಚ್ಚಿದೆವು. ಉದ್ದ ಆರು ಅಡಿ, ಅಗಲ ನಾಲ್ಕೂವರೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ 2 ಕಿಲೋ 300 ಗ್ರಾಂ. ಕೆಳಗೆ ಧೋತರ, ನಡುವೆ ಎರಡು ನೂಲಿನ ಸೀರೆ, ಮೇಲೆ ತುಂಡುಗಳು: ಇಳಕಲ್ ಸೀರೆಯ ಒಡಲು, ಗುಳೇದಗುಡ್ಡದ ಖಣ, ಚೌಕಳಿ ಶರ್ಟಿನ ಬೆನ್ನು, ಯಾವುದೋ ಮಗುವಿನ ಕುಂಚಿಗಿಯ (ತಲೆಗೆ ಹಾಕುವ ಟೊಪ್ಪಿಗೆಯ) ತುದಿ. ಆಯಿ ಅಂಚಿನಿಂದ ಶುರುಮಾಡಿ ಸುತ್ತು ಹೊಲಿಯುತ್ತ ಒಳಗೆ ಬಂದಿದ್ದಳು. ನಡುವೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಜಾಗ ಬರೀ ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು.

ಕೊನೆಯ ಸಾಲಿನ ತುದಿಯಲ್ಲಿ ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು. ತುಕ್ಕು ಹಿಡಿದಿತ್ತು. ಸುತ್ತ ಎಂಟಾಣೆಯಷ್ಟು ಅಗಲದ ಕಂದು ಕಲೆ.

ಗಿರಾಕಿ ಹೇಳಿದ್ದನ್ನು ನಾನು ಯಾವಾಗಲೂ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಬ್ಲೌಸಿಗೆ ಹಿಂದೆ ಎಷ್ಟು ಇಳಿಸಬೇಕು ಅನ್ನೋದರಿಂದ ಹಿಡಿದು. ಇವಳದ್ದು ಒಂದು ಪುಟ ಆಯಿತು. ಆಯಿಯ ಹೊಲಿಗೆ ಮುಟ್ಟಬಾರದು. ನಾನು ಹೊಲಿದದ್ದು ನಾನು ಹೊಲಿದದ್ದು ಅಂತ ಕಾಣಬೇಕು, ಆಯಿಯದರ ಜೊತೆ ಬೆರೆಯಬಾರದು. ಹರಿದ ತುಂಡು ಕಿತ್ತು ಬೇರೆ ಹಾಕಬಾರದು. ಗೋಡೆಗೆ ತೂಗುಹಾಕಲಿಕ್ಕಲ್ಲ, ಮಗಳಿಗೆ ಹೊದಿಸಲಿಕ್ಕೆ. ಸೂಜಿ ಹಾಗೇ ಇರಬೇಕು.

ಕೊನೆಯದಕ್ಕೆ ನಾನು ಪೆನ್ನು ಕೆಳಗಿಟ್ಟೆ.

"ತಂಗಿ, ಹೊದಿಯೋದಂತೀದಿ. ಕೂಸಿಗೆ ಚುಚ್ಚತೈತಿ. ತುಕ್ಕು ಹಿಡಿದ ಸೂಜಿ."

"ತುದಿಗೆ ಏನರ ಮೇಣ ಹಚ್ಚಿದ್ರ?"

"ಮೇಣ ಒಂದು ಚಳಿಗಾಲನೂ ನಿಲ್ಲಂಗಿಲ್ಲ. ಮತ್ತ ತುಕ್ಕು ಸುಮ್ಮನ ಕೂಡಂಗಿಲ್ಲ, ಅರಿವಿ ತಿನ್ನತೈತಿ. ಈಗ ಕಲೆ ಇದ್ದಲ್ಲಿ ನಾಳೆ ತೂತ ಬೀಳತೈತಿ."

ಅವಳು ಸೂಜಿಯನ್ನೇ ನೋಡುತ್ತ ಕೂತಳು. ಉಳಿದ ಎಲ್ಲದಕ್ಕೂ ನಿನ್ನ ಮಾತು, ಇದೊಂದಕ್ಕೆ ನನ್ನ ಮಾತು ಅಂದೆ. ಒಪ್ಪಿದಳು. ಆದರೆ ಸೂಜಿ ಬಿಸಾಕಬಾರದು, ಕಲೆ ತೆಗೆಯಬಾರದು, ಸೂಜಿಯ ದಾರ ಎಲ್ಲಿ ನಿಂತಿತ್ತೋ ಅಲ್ಲೇ ಇರಬೇಕು. ಅದನ್ನೂ ಬರೆದುಕೊಂಡೆ. ಕಲೆಗೆ ನಿಂಬೆಹುಳಿ, ಉಪ್ಪು ಹಚ್ಚುವ ಮನೆಮದ್ದು ನನಗೆ ಗೊತ್ತು. ಹೊಸ ಬಟ್ಟೆಗಾದರೆ ಪರವಾಗಿಲ್ಲ, ಇಷ್ಟು ಹಳೇ ನೂಲಿಗೆ ಹುಳಿ ತಾಗಿದರೆ ಅದು ಇನ್ನೂ ಬಡಕಲಾಗುತ್ತದೆ. ಹಾಗಾಗಿ ಕಲೆ ಬಿಡೋದು ನನಗೂ ಸರಿ ಅನಿಸಿತು.

ದಾರದ ಬಣ್ಣ ಅವಳೇ ಆರಿಸಿದಳು. ಆಯಿಯದು ಬಿಳಿ ದಾರ, ಈಗ ಹಳದಿಗೆ ತಿರುಗಿದೆ. ನಾನು ಕೆನೆ ಬಣ್ಣದ ರೀಲು ತೋರಿಸಿದೆ, ಬೂದಿ ಬಣ್ಣದ್ದು ತೋರಿಸಿದೆ. ಅವಳು ಡಬ್ಬಿಯ ತಳಕ್ಕೆ ಕೈಹಾಕಿ ಗಿಣಿಹಸಿರು ತೆಗೆದಳು. ಯಾವುದೋ ಶಾಲೆಯ ಡ್ರೆಸ್ಸಿಗೆ ತಂದು ಉಳಿದದ್ದು. ನೂಲಿನ ದಾರ ಅನ್ನೋದೊಂದೇ ಸಮಾಧಾನ. ಪಾಲಿಸ್ಟರ್ ಆಗಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಹಳೇ ಬಟ್ಟೆಗೆ ಬಟ್ಟೆಗಿಂತ ಗಟ್ಟಿ ದಾರ ಹಾಕಿದರೆ ಎಳೆದಾಡಿದಾಗ ಹರಿಯೋದು ದಾರ ಅಲ್ಲ, ಬಟ್ಟೆ. ಹರಿದ ದಾರ ಮತ್ತೆ ಹಾಕಬಹುದು, ಆಯಿಯ ಬಟ್ಟೆ ಎಲ್ಲಿಂದ ತರೋದು? ದಾರ ಒದ್ದೆ ಮಾಡಿ ಬಿಳಿ ಅರಿವೆಯಲ್ಲಿ ಹಿಂಡಿ ನೋಡಿದೆ, ಹಸಿರು ಬಿಡಲಿಲ್ಲ.

ಮೊದಲ ದಿನ ಹೊಲಿಗೆ ಇಲ್ಲ, ಬರೀ ನೋಡೋದು. ಆಯಿಯ ಸಾಲಿಂದ ಸಾಲಿಗೆ ಒಂದು ಬೆರಳು ಅಂತರ. ಅಂಚಿನ ಕಡೆ ಇಂಚಿಗೆ ಐದು ಟಾಕಿ, ಅಂದರೆ ಸೂಜಿ ಹಾಕಿದ ಐದು ಹೊಲಿಗೆ. ಒಳಗೆ ಬಂದಂತೆ ನಾಲ್ಕಾಯಿತು. ಕೊನೆಯ ಎರಡು ಸುತ್ತಿನಲ್ಲಿ ಮೂರು. ಸಾಲು ನೆಟ್ಟಗಿಲ್ಲ, ಎಡಗಡೆ ಒಂದು ಕಡೆ ಗುಡ್ಡ ಹತ್ತಿ ಇಳಿದಂತೆ ಮೇಲೆದ್ದಿತ್ತು. ನನ್ನ ಕೈ ಇಂಚಿಗೆ ಏಳು ಹಾಕುತ್ತದೆ. ಹಾಗೇ ಹಾಕಿದರೆ ನಡುಭಾಗ ಬಿಗಿದುಕೊಂಡು ಸುತ್ತಲಿನ ಬಟ್ಟೆ ಹಪ್ಪಳದಂತೆ ಏಳುತ್ತದೆ. ಕೌದಿ ಮಲಗಬೇಕು, ಎದ್ದು ಕೂರಬಾರದು. ಅದಕ್ಕೆ ಫೋನ್ ಮಾಡಿ ಕೇಳಿದೆ: ಬಣ್ಣ ನಿನ್ನದು, ಸಾಲಿನ ಅಂತರ ಆಯಿಯದೇ ಇರಲಿ, ಟಾಕಿ ಐದು ಹಾಕುತ್ತೇನೆ, ಆದೀತಾ? "ಐದಂದ್ರ ಆಯಿ ಗಟ್ಟಿ ಇದ್ದಾಗಿನ ಲೆಕ್ಕ ಅಲ್ಲೇನ್ರಿ? ಆತು" ಅಂದಳು.

ಸೂಜಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ತುಕ್ಕು ಎಳೆಗಳನ್ನು ಕಚ್ಚಿಕೊಂಡಿರುತ್ತದೆ, ಸುಮ್ನೆ ಎಳೆದರೆ ಬಟ್ಟೆಯೂ ಜೊತೆಗೇ ಬರುತ್ತದೆ. ಮಷಿನ್ ಎಣ್ಣೆ ಹಾಕಿದರೆ ಇನ್ನೊಂದು ಕಲೆ. ಎರಡು ಬೆರಳಲ್ಲಿ ಹಿಡಿದು ಬತ್ತಿ ಹೊಸೆದಂತೆ ಆಚೆ ಈಚೆ ತಿರುಗಿಸುತ್ತ ಕೂತೆ. ಒಂದು ಹೊತ್ತಿಗೆ ಚಿಟ್ ಅಂತ ಬಿಟ್ಟುಕೊಟ್ಟಿತು. ಕಣ್ಣಿನಲ್ಲಿದ್ದ ದಾರ ತುಕ್ಕಿಗೆ ತಾನೇ ಕಡಿದಿತ್ತು, ನಾನು ಕತ್ರಿ ಹಚ್ಚಬೇಕಾಗಲೇ ಇಲ್ಲ. ನಾಲ್ಕು ಬೆರಳು ದಾರ ಬಟ್ಟೆಯ ಮೇಲೆ ಉಳಿಯಿತು. ಹಾಗೇ ಬಿಟ್ಟರೆ ಒಗೆತದಲ್ಲಿ ಸಾಲು ಬಿಚ್ಚಿಕೊಳ್ಳುತ್ತದೆ. ಕೆಳಗಿನಿಂದ ನನ್ನ ಹಸಿರಲ್ಲಿ ಒಂದೇ ಒಂದು ಹಿಂಟಾಕಿ ಹಾಕಿ ಹಿಡಿದಿಡುತ್ತೇನೆ ಅಂದೆ. ಅದಕ್ಕೆ ಹೂಂ ಅಂದಳು.

ಮಾರನೇ ದಿನ ಬೇರೊಂದು ಫೋನ್ ಬಂತು. ಗಿರಾಕಿಯ ತಾಯಿ. ಅಂದರೆ ಆಯಿಯ ಮಗಳು.

"ತಂಗಿ, ನಮ್ಮ ಹುಡುಗಿ ಏನೇನರ ಹೇಳ್ಯಾಳ. ನೀ ಅದೆಲ್ಲ ಕೇಳಬ್ಯಾಡ. ಆ ಹರಕ ಕಿತ್ತಹಾಕು, ಚಂದಂಗ ಒಗದು, ಹೊಸದ್ರಂಗ ಮಾಡಿ ಕೊಡು. ನಮ್ಮವ್ವ ಸೊಟ್ಟ ಹೊಲಿಗಿ ಹಾಕಿದಾಕಿ ಅಲ್ಲ. ಕಣ್ಣು ಹ್ವಾದಮ್ಯಾಲೆ ಹಾಕಿದ್ದದು. ಅದನ್ನ ಮಂದಿಗೆ ತೋರಿಸಿದ್ರ ಆಕಿಗೇ ಸೇರ್ತಿರಲಿಲ್ಲ."

ನನಗೆ ಮಾತೇ ಬರಲಿಲ್ಲ. ಯಾಕೆಂದರೆ ಆಕೆ ಹೇಳಿದ್ದರಲ್ಲೂ ನ್ಯಾಯ ಇತ್ತು. ಮೊಮ್ಮಗಳಿಗೆ ಆ ಸೊಟ್ಟ ಸಾಲು ಆಯಿಯ ಕೈ. ಮಗಳಿಗೆ ಅದು ಅವ್ವನ ಕೈ ಸೋತ ಗುರುತು. ಆಯಿ ಇದ್ದಿದ್ದರೆ ತಾನೇ ಬಿಚ್ಚಿ ಹೊಲಿಯುತ್ತಿದ್ದಳೋ ಏನೋ. ನಮ್ಮತ್ತೆಯಾದರೆ ಖಂಡಿತ ಬಿಚ್ಚುತ್ತಿದ್ದರು.

ಆದರೆ ಇದನ್ನು ತೀರ್ಮಾನ ಮಾಡೋದು ಹೊಲಿಯುವವಳ ಕೆಲಸ ಅಲ್ಲ. "ಅಕ್ಕಾರ, ನೀವಿಬ್ರೂ ಮಾತಾಡಿಕೋರಿ. ಅಲ್ಲೀಮಟ ನಾ ಸೂಜಿ ಹಿಡಿಯಂಗಿಲ್ಲ" ಅಂದೆ. ಕೌದಿಯನ್ನು ಹಳೇ ಧೋತರದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ನಾಲ್ಕು ದಿನ ಹೋಯಿತು. ಲಗ್ನದ ಸೀಜನ್, ಬ್ಲೌಸಿನ ರಾಶಿ ಬೇರೆ ಇತ್ತು, ಹಾಗಾಗಿ ಬೇಜಾರೇನೂ ಆಗಲಿಲ್ಲ. ಐದನೇ ದಿನ ಹುಡುಗಿಯ ಫೋನ್. ಅವಳ ದನಿಯಲ್ಲೇ ಗೊತ್ತಾಯಿತು, ಮನೆಯಲ್ಲಿ ಜಗಳ ಆಗಿದೆ. ತೀರ್ಮಾನ ಹೀಗೆ: ಹೊಲಿಗೆಯ ವಿಷಯದಲ್ಲಿ ಮಗಳ ಮಾತು, ಸ್ವಚ್ಛದ ವಿಷಯದಲ್ಲಿ ತಾಯಿಯ ಮಾತು. ಕೌದಿ ಒಗೆದೇ ಕೊಡಬೇಕು. ಅರಿಶಿಣ, ಎಣ್ಣೆಯ ಜಿಡ್ಡು ಎಷ್ಟು ಹೋಗುತ್ತದೋ ಅಷ್ಟು ಹೋಗಬೇಕು. ತುಕ್ಕಿನ ಕಲೆ ಮಾತ್ರ ಇರಲಿ.

ಅದರ ಮುಂದೆ ಜೋರು ಕೆಲಸ. ಮೊದಲು ಹರಿದಿದ್ದ ಒಂದು ಸೆರಗಿನ ತುಂಡು.

ಇಳಕಲ್ ಸೀರೆ ಉಟ್ಟವರಿಗೆ ಗೊತ್ತು, ಅದರ ಒಡಲು ಬೇರೆ, ಸೆರಗು ಬೇರೆ. ಒಡಲಿನ ಉದ್ದನೆಯ ಎಳೆಗಳಿಗೆ ಸೆರಗಿನ ಉದ್ದನೆಯ ಎಳೆಗಳನ್ನು ಒಂದೊಂದೇ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆಯಿ ಒಂದು ತುಂಡನ್ನು ಸರಿಯಾಗಿ ಆ ಕೊಂಡಿಯ ಮೇಲೇ ಕತ್ತರಿಸಿದ್ದಳು. ಒಂದು ಕಡೆ ಕಪ್ಪು ನೂಲಿನ ಒಡಲು, ಇನ್ನೊಂದು ಕಡೆ ಕೆಂಪು ರೇಷ್ಮೆಯ ಮೇಲೆ ಬಿಳಿ ತೆನೆ ಎದ್ದ, ಟೋಪಿ ತೆನೆ ಅನ್ನುವ ಸೆರಗು. ನೂಲು ಇನ್ನೂ ಹತ್ತು ವರ್ಷ ಬಾಳುವಂತಿತ್ತು. ರೇಷ್ಮೆ ಮಾತ್ರ ಪುಡಿ. ಬೆವರು, ಬಿಸಿಲು ಎರಡೂ ರೇಷ್ಮೆಗೆ ಆಗೋದಿಲ್ಲ. ಉಗುರು ತಾಗಿದರೂ ಎಳೆ ಉದುರುತ್ತಿತ್ತು. ಬಿಳಿ ತೆನೆಗಳು ಅಲ್ಲಲ್ಲಿ ಜೋತುಬಿದ್ದಿದ್ದವು, ಕೆಳಗಿನ ಬಟ್ಟೆ ಇಣುಕುತ್ತಿತ್ತು.

ಬೇರೆ ಕೌದಿಯಾಗಿದ್ದರೆ ಮೇಲೊಂದು ತ್ಯಾಪಿ ಹಚ್ಚಿ ಮುಗಿಸುತ್ತಿದ್ದೆ. ಇಲ್ಲಿ ಕಿತ್ತುಹಾಕುವಂತಿಲ್ಲ, ಮುಚ್ಚುವಂತಿಲ್ಲ. ಹಾಗೇ ಒಗೆದರೆ ಉಳಿಯೋದಿಲ್ಲ. ಸೊಲ್ಲಾಪುರಕ್ಕೆ ಹೋದಾಗ ಓಢಣಿ ಮಾರುವ ಅಂಗಡಿಯಲ್ಲಿ ಎಲ್ಲಕ್ಕಿಂತ ತೆಳುವಾದ ನೆಟ್ ಕೇಳಿದೆ. ಕೆಂಪಲ್ಲಿ ಅರ್ಧ ಮೀಟರ್ ಸಿಕ್ಕಿತು. ಸೆರಗಿನ ಮೇಲೆ ಹಾಸಿ ಮೂರಡಿ ದೂರ ನಿಂತು ನೋಡಿದರೆ ನೆಟ್ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಫೋಟೋ ಕಳಿಸಿದೆ, ಅವಳು ಒಪ್ಪಿದಳು. ಉದುರಿದ ಎಳೆಗಳನ್ನು ಸೂಜಿಯ ತುದಿಯಿಂದ ಅವುಗಳ ಜಾಗಕ್ಕೆ ತಳ್ಳಿ, ನೆಟ್ ಮುಚ್ಚಿ, ಅಂಚನ್ನು ಒಳಗೆ ಮಡಚಿ, ಸುತ್ತಲಿನ ಗಟ್ಟಿ ನೂಲಿಗೆ ಹೊಲಿದೆ. ರೇಷ್ಮೆಗೆ ಒಂದೂ ಟಾಕಿ ಬೀಳದಂತೆ. ಒಂದು ಅಂಗೈ ಅಗಲದ ತುಂಡಿಗೆ ಒಂದು ಮಧ್ಯಾಹ್ನ.

ಆಮೇಲೆ ನಡುಭಾಗ. ಆಯಿಯ ಕಚ್ಚಾ ಹೊಲಿಗೆ ಸಡಿಲಾಗಿತ್ತು, ಒಳಗಿನ ಸೀರೆ ಒಂದು ಕಡೆ ಮುದ್ದೆಯಾಗಿತ್ತು. ಅದನ್ನು ಬಿಚ್ಚದೆ, ಅದರ ಪಕ್ಕಕ್ಕೇ ನನ್ನ ಕಚ್ಚಾ ಟಾಕಿ ಹಾಕಿ ಹರಡಿಕೊಂಡೆ. ನೆಲದ ಮೇಲೆ ಕೂತು, ಎಡಗೈ ಕೌದಿಯ ಕೆಳಗೆ, ಬಲಗೈ ಮೇಲೆ. ಕೆಳಗಿನ ಬೆರಳಿಗೆ ಸೂಜಿಯ ತುದಿ ಮುಟ್ಟಿತು ಅಂದರೆ ಎಲ್ಲಾ ಪದರ ದಾಟಿತು ಅಂತ ಲೆಕ್ಕ. ಅಂಗುಸ್ತಾನ, ಅಂದರೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿಗೆ, ಬಲಗೈಗೆ ಮಾತ್ರ. ಎಡಗೈ ಬೆರಳಿಗೆ ಹಾಕಿದರೆ ಸೂಜಿ ಮುಟ್ಟಿದ್ದೇ ತಿಳಿಯೋದಿಲ್ಲ. ನಾಲ್ಕು ಟಾಕಿ ಸೂಜಿಗೆ ಏರಿಸಿ ಒಮ್ಮೆ ಎಳೆಯೋದು. ಹನ್ನೆರಡು ಸುತ್ತು ಲೆಕ್ಕ ಹಾಕಿದ್ದೆ.

ಎರಡನೇ ದಿನದ ಸಂಜೆ ನನ್ನಿಂದ ತಪ್ಪಾಯಿತು.

ನನ್ನ ಮೊದಲ ಸುತ್ತು ಆಯಿಯ ಕೊನೇ ಸಾಲಿನ ಪಕ್ಕದಲ್ಲೇ ಹೋಗಬೇಕು. ಎಡಗಡೆ ಆ ಗುಡ್ಡ ಬಂತಲ್ಲ, ಅಲ್ಲಿ ಒಂದು ಬೆರಳಿನ ಅಂತರ ಸಿಗುತ್ತಿಲ್ಲ. ಕರೆಂಟು ಬೇರೆ ಹೋಗಿ ಬಂತು. ತಲೆಯಲ್ಲಿ ನಾಳಿನ ಬ್ಲೌಸಿನ ಗಡಿಬಿಡಿ. ಕೈ ತಾನೇ ಕತ್ರಿ ತಗೊಂಡು, ಆಯಿಯ ಸಾಲನ್ನು ಒಂದು ಗೇಣು ಬಿಚ್ಚಿಬಿಟ್ಟಿತು. ನೆಟ್ಟಗೆ ಮಾಡೋದು ಇಪ್ಪತ್ತೆರಡು ವರ್ಷದ ಚಾಳಿ. ದಾರ ಮೂರು ತುಂಡಾಗಿ ಅಂಗೈಗೆ ಬಂದಾಗ ಎಚ್ಚರಾಯಿತು.

ಅದೇ ಹೊತ್ತಿಗೆ ಹೊಸ ಬಿಳಿ ದಾರ ಹಾಕಿ, ಚಹಾ ನೀರಲ್ಲಿ ಅದ್ದಿ ಹಳೇದರಂತೆ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ವಿಚಾರ ಬಂತು, ಸುಳ್ಳು ಯಾಕೆ ಹೇಳಲಿ. ಕೌದಿ ಪಕ್ಕಕ್ಕೆ ಸರಿಸಿ ಫೋನ್ ಮಾಡಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಟಾಕಿ ಹಾಕಿದ ತೂತು ಕಾಣ್ತಾವೇನ್ರಿ?" ಅಂದಳು.

"ಕಾಣ್ತಾವ. ಹಳೇ ಅರಿವಿ, ಮುಚ್ಚಿಲ್ಲ."

"ಹಂಗಾರ ಅವೇ ತೂತಿನ್ಯಾಗ ನಿಮ್ಮ ಹಸರ ದಾರ ಹಾಕ್ರಿ. ಬಿಳಿ ಬ್ಯಾಡ."

ಐವತ್ತರ ಮೇಲೆ ತೂತುಗಳಿದ್ದವು. ಕನ್ನಡಕ ಹಾಕಿ, ಮೊಬೈಲ್ ಟಾರ್ಚನ್ನು ಬಟ್ಟೆಯ ಕೆಳಗಿಟ್ಟೆ. ಬೆಳಕು ತೂತಿನಿಂದ ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. ಮೇಲಿಂದ ಒಂದು, ಕೆಳಗಿಂದ ಒಂದು. ನಾನು ಯಾವತ್ತೂ ಹಾಕದ ಉದ್ದುದ್ದ ಟಾಕಿ, ಇಂಚಿಗೆ ಮೂರು. ಒಂದು ಕಡೆ ಆಯಿ ಒಂದು ತೂತು ಬಿಟ್ಟು ಹೋಗಿ, ವಾಪಸ್ ಬಂದು ಹಾಕಿದ್ದಳು. ನಾನೂ ವಾಪಸ್ ಬಂದೆ. ರಾತ್ರಿ ಹತ್ತಾಯಿತು. ಮೂರು ತುಂಡು ಹಳೇ ದಾರವನ್ನು ಸೂಜಿಯ ಜೊತೆ ಎತ್ತಿಟ್ಟೆ.

ಉಳಿದ ಸುತ್ತುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಊಟ ಆದಮೇಲೆ ದಿನಕ್ಕೆ ಎರಡು ಸುತ್ತು, ಆರು ದಿನ. ಬೆನ್ನು ನೋವು. ಕತ್ರಿಯನ್ನು ಮಾತ್ರ ಬೇರೆ ಕೋಣೆಯಲ್ಲಿಟ್ಟು ಹೊಲಿದೆ. ದಾರ ಹಲ್ಲಿಂದಲೇ ಕಡಿದೆ.

ಒಗೆಯೋದನ್ನು ಕೊನೆಗಿಟ್ಟಿದ್ದೆ, ನಡು ಹೊಲಿಯದೆ ನೀರಿಗೆ ಹಾಕಿದರೆ ಪದರ ಸರಿದು ತುಂಡುಗಳ ಅಂಚು ಕಿತ್ತುಬರುತ್ತದೆ. ಮೊದಲು ಬಣ್ಣದ ಪರೀಕ್ಷೆ. ಒಂದೊಂದು ತುಂಡಿನ ಮೂಲೆಗೆ ಒದ್ದೆ ಬಿಳಿ ಅರಿವೆ ಒತ್ತಿ ನೋಡಿದೆ. ಕೆಂಪು ಖಣ ಬಿಸಿನೀರಿಗೆ ಬಣ್ಣ ಬಿಟ್ಟಿತು, ತಣ್ಣೀರಿಗೆ ಬಿಡಲಿಲ್ಲ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತಾರೆ. ನಾನು ಎಷ್ಟೋ ಸಲ ಹಾಕಿ ನೋಡಿದ್ದೇನೆ, ನಿಂತಿಲ್ಲ. ಸೋಡಾ, ಬಟ್ಟೆ ಸೋಪು ಎರಡೂ ಬೇಡ, ರೇಷ್ಮೆಗೆ ಖಾರ ಆಗುತ್ತದೆ. ಅಂಟುವಾಳದ ಕಾಯಿ ರಾತ್ರಿ ನೆನೆಹಾಕಿ, ಕಿವುಚಿ, ಎರಡು ಸಲ ಸೋಸಿದೆ. ಸೋಸದಿದ್ದರೆ ಅದರ ಸಿಪ್ಪೆಯೇ ಕಲೆ ಮಾಡುತ್ತದೆ.

ಕೌದಿ ಒದ್ದೆಯಾದರೆ ಒಬ್ಬರ ಕೈಯಲ್ಲಿ ಏಳೋದಿಲ್ಲ. ಎತ್ತಿದ ಕಡೆ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಹೊರಸಿನ ಮೇಲೆ ಸೊಳ್ಳೆ ಪರದೆ ಹಾಸಿ, ಅದರ ಮೇಲೆ ಕೌದಿ ಬಿಡಿಸಿ, ಮೇಲಿಂದ ತಣ್ಣೀರು ಹೊಯ್ದೆವು. ಅಂಟುವಾಳದ ನೀರು ಹಾಕಿ ಅಂಗೈಯಿಂದ ಒತ್ತಿದ್ದು ಅಷ್ಟೆ. ಉಜ್ಜಿಲ್ಲ, ಹಿಂಡಿಲ್ಲ. ಹೊರಸಿನ ಕೆಳಗೆ ಮೊದಲು ಬಂದ ನೀರು ಚಹಾದ ಬಣ್ಣ. ಒಂಬತ್ತು ಕೊಡ ಆದಮೇಲೆ ತಿಳಿಯಾಯಿತು. ಆಮೇಲೆ ಪರದೆ ಸಮೇತ ಮೂವರು ಎತ್ತಿ ಹಳೇ ಟವೆಲ್‌ಗಳ ಮೇಲೆ ಇಟ್ಟು ನೆರಳಲ್ಲಿ ಬಿಟ್ಟೆವು. ಫ್ಯಾನ್ ಹಚ್ಚಿ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ, ಪೂರ್ತಿ ಒಣಗಲು ಎರಡು ದಿನ. ಅರಿಶಿಣ ಮುಕ್ಕಾಲು ಹೋಯಿತು. ತುಕ್ಕಿನ ಕಲೆ ಹಾಗೇ ಇದೆ.

ತಾಯಿ, ಮಗಳು ಇಬ್ಬರೂ ಬಂದರು. ತಾಯಿ ಬಂದವಳೇ ಕೌದಿ ಮೂಗಿಗೆ ಹಿಡಿದು ನೋಡಿದಳು. "ಅಂಟಾಳಕಾಯಿ ಹಾಕೀ ಏನು? ಚಲೋ ಆತು" ಅಂದಳು. ಹಸಿರು ದಾರ ಕಂಡು ಮುಖ ಕಿವುಚಿದಳು. ನಾನು ಅವಳ ಕಡೆ ನೋಡಿ ಸುಮ್ಮನಾದೆ. ಈಗಲೂ ನನಗೆ ಆ ಬಣ್ಣ ಸೇರಿಲ್ಲ. ಮಗಳು ಮೊದಲು ಹುಡುಕಿದ್ದು ಗುಡ್ಡದ ಜಾಗ. ಬಿಳಿ ಸಾಲು ಬಂದು, ಒಂದು ಗೇಣು ಹಸಿರಾಗಿ, ಮತ್ತೆ ಬಿಳಿಯಾಗುವ ಕಡೆ ಬೆರಳಾಡಿಸಿದಳು. ಸೂಜಿ, ಮೂರು ತುಂಡು ದಾರ ಇದ್ದ ಕುಂಕುಮದ ಭರಣಿ ಕೊಟ್ಟೆ. ಅದನ್ನು ತಾಯಿ ತೆಗೆದುಕೊಂಡು ತನ್ನ ಪರ್ಸಿಗೆ ಹಾಕಿಕೊಂಡಳು. ಮಗಳು ಏನೂ ಅನ್ನಲಿಲ್ಲ.

ಕೂಲಿ 3,200 ಅಂತ ಮಾತಾಗಿತ್ತು. 3,000 ತಗೊಂಡೆ, ಆ ಒಂದು ಗೇಣಿನ ಸಂಜೆ ನನ್ನ ಲೆಕ್ಕಕ್ಕೆ. ವಾಷಿಂಗ್ ಮಷಿನ್‌ಗೆ ಹಾಕಬೇಡ ಅಂತ ಮೂರು ಸಲ ಹೇಳಿದೆ, ಒಂದು ಸಲ ಬರೆದೂ ಕೊಟ್ಟೆ.

ತಿಂಗಳಾದಮೇಲೆ ಒಂದು ಫೋಟೋ ಬಂತು. ನೆಟ್‌ನ ಒಂದು ಮೂಲೆ ಎದ್ದಿದೆ. ಮಲಗುವಾಗ ಮಗು ಉಗುರಲ್ಲಿ ಕೆದರುತ್ತದಂತೆ. ಒಳಗಿನ ರೇಷ್ಮೆಗೆ ಏನೂ ಆಗಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆಗೆ ಸೊಲ್ಲಾಪುರಕ್ಕೆ ಬರುತ್ತಾರೆ, ಆಗ ತರಲು ಹೇಳಿದ್ದೇನೆ. ಉಳಿದ ನೆಟ್ ತೆಗೆದಿಟ್ಟಿದ್ದೇನೆ. ಗಿಣಿಹಸಿರು ರೀಲೂ ಅರ್ಧ ಇದೆ, ಅದನ್ನು ಬೇರೆ ಯಾರೂ ಕೇಳಿಲ್ಲ.